18 ದಿನದ ತಲೆನೋವು, ಸ್ಕ್ಯಾನ್ ನಾರ್ಮಲ್. ಬೆನ್ನಿನ ನೀರು ತೆಗೆಯಬೇಕಂತೆ, ಒಪ್ಪಬೇಕಾ?

ಮಳೆನಾಡಿನ ತಂಗಿ · ಶುಕ್ರವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಸುಮ್ನೆ ಓದಿ ಹೋಗುವವಳು, ಬರೆಯುತ್ತಿರುವುದು ಇದೇ ಮೊದಲು.

ಅಣ್ಣನಿಗೆ 41 ವರ್ಷ, ಗಾರೆ ಕೆಲಸದ ಮೇಸ್ತ್ರಿ. 18 ದಿನದಿಂದ ತಲೆನೋವು. ಮೊದಲು ಬಿಸಿಲಿನ ಝಳ ಅಂದುಕೊಂಡೆವು. ಊರಿನ ಕ್ಲಿನಿಕ್‌ನಲ್ಲಿ ಮಾತ್ರೆ ಕೊಟ್ಟರು. ಎರಡು ಗಂಟೆ ಕಡಿಮೆ ಆಗುತ್ತದೆ, ಮತ್ತೆ ಶುರು. ಆಮೇಲೆ ಸೈನಸ್ ಅಂದರು. ಕನ್ನಡಕ ಮಾಡಿಸಿ ಅಂದರು, ಅದೂ ಆಯಿತು. ಸಂಜೆ ಮೈ ಸ್ವಲ್ಪ ಬಿಸಿ. ನಾಲ್ಕು ದಿನದಿಂದ ವಾಂತಿ. ಮೊನ್ನೆ ಬೆಳಿಗ್ಗೆ ಕಾಫಿ ಕೊಟ್ಟರೆ ಲೋಟದ ಪಕ್ಕಕ್ಕೆ ಕೈ ಹಾಕಿದ. "ಎರಡು ಲೋಟ ಯಾಕೆ ತಂದ್ಯೇ?" ಅಂದ. ನಾನು ತಂದಿದ್ದು ಒಂದೇ.

ಈಗ ಪೇಟೆಯ ಆಸ್ಪತ್ರೆಗೆ ಸೇರಿಸಿದ್ದೇವೆ. ತಲೆಯ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಬೆನ್ನಿನ ನೀರು ತೆಗೆದು ನೋಡಬೇಕು, ಸಹಿ ಹಾಕಿ ಅನ್ನುತ್ತಿದ್ದಾರೆ. ಅತ್ತಿಗೆ ಒಪ್ಪುತ್ತಿಲ್ಲ. ಅವರ ತವರಲ್ಲಿ ಯಾರಿಗೋ ಬೆನ್ನಿಗೆ ಸೂಜಿ ಹಾಕಿಸಿ ಕಾಲು ಬಿದ್ದುಹೋಯಿತಂತೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕೆರೆ ಏರಿ · 9.52

ಮೆದುಳು ಜ್ವರ ಇರಬಹುದು. ಅದು ಸೊಳ್ಳೆಯಿಂದ ಬರೋದು ಅಲ್ವಾ? ಸ್ಕ್ಯಾನೇ ನಾರ್ಮಲ್ ಅಂದ ಮೇಲೆ ಬೆನ್ನು ಯಾಕೆ ಚುಚ್ಚಬೇಕು? ನೀಲಗಿರಿ ಎಣ್ಣೆ ಹಚ್ಚಿ ಎರಡು ದಿನ ನೋಡಿ.

ನೈಟ್ ಡ್ಯೂಟಿ ಸಿಸ್ಟರ್ · 10.05

ಕೆರೆ ಏರಿ ಅವರೇ, ಎರಡು ದಿನ ನೋಡುವ ಹಂತ ದಾಟಿದೆ. 18 ದಿನ, ವಾಂತಿ, ಒಂದು ವಸ್ತು ಎರಡಾಗಿ ಕಾಣೋದು. ಇದು ಎಣ್ಣೆ ಹಚ್ಚುವ ತಲೆನೋವಲ್ಲ.

ತಂಗಿ, ನಾನು 14 ವರ್ಷದಿಂದ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಕಾಲು ಬಿದ್ದುಹೋಗುತ್ತದೆ ಅನ್ನುವ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅತ್ತಿಗೆಗೆ ಹೀಗೆ ಹೇಳಿ. ಬೆನ್ನುಹುರಿ ಸೊಂಟದವರೆಗೂ ಇಳಿಯುವುದಿಲ್ಲ, ಅದಕ್ಕಿಂತ ಮೇಲೆಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದರ ಕೆಳಗೆ, ಸೊಂಟದ ಮೂಳೆಯ ನೇರಕ್ಕೆ. ಅಲ್ಲಿ ಇರೋದು ನೀರು, ನೀರಲ್ಲಿ ಕೂದಲಿನ ಹಾಗೆ ಜೋತಾಡುವ ನರಗಳು. ಸೂಜಿ ತಗುಲಿದರೆ ಅವು ಜರುಗುತ್ತವೆ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಡೋದೂ ಅದೇ ಜಾಗದ ಸುತ್ತಮುತ್ತ. ನಮ್ಮ ಕಡೆ ಎಷ್ಟು ತಾಯಂದಿರಿಗೆ ಅದು ಆಗಿಲ್ಲ?

ಕಾಲು ಹೋದವರ ಕಥೆ ಸುಳ್ಳು ಅನ್ನಲ್ಲ. ಬಹಳ ಸಲ ಕಾಲು ಹೋಗುವುದು ಒಳಗಿನ ಕಾಯಿಲೆಯಿಂದ. ಸೂಜಿ ಕಣ್ಣಿಗೆ ಕಂಡಿರುತ್ತದೆ, ಕಾಯಿಲೆ ಕಂಡಿರುವುದಿಲ್ಲ.

ಸಹಿ ಹಾಕಿ. ಇನ್ನೊಂದು ಮಾತು. ಅಣ್ಣನಿಗೆ ಶುಗರ್, ಕಿಡ್ನಿ ಬದಲಾವಣೆ, ತುಂಬಾ ದಿನದ ಸ್ಟೀರಾಯ್ಡ್, ಕೀಮೋ, ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಬೇರೆ ಏನಾದರೂ ಇದೆಯಾ? ಇಲ್ಲಿ ಬರೆಯಬೇಕಿಲ್ಲ. ಡ್ಯೂಟಿ ಡಾಕ್ಟರಿಗೆ ಹೇಳಿ. ಇವತ್ತೇ.

ಬೆಣ್ಣೆದೋಸೆ ಅಭಿಮಾನಿ · 10.21

ಸಿಸ್ಟರ್ ಕೇಳಿದ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ.

ನಮ್ಮ ಭಾವನಿಗೆ ಕಿಡ್ನಿ ಕಸಿ ಆಗಿ ಮೂರು ವರ್ಷ ಆಗಿತ್ತು. ತಲೆನೋವು ಅಂದರೆ ಬಿಪಿ ಅಂದರು, ಬಿಪಿ ಮಾತ್ರೆ ಜಾಸ್ತಿ ಮಾಡಿದರು. ಐದು ವಾರ ಹಾಗೇ ಹೋಯಿತು. ಜ್ವರ ಹೆಚ್ಚೇನೂ ಇರಲಿಲ್ಲ, ಕುತ್ತಿಗೆ ಬಿಗಿತವಂತೂ ಇರಲೇ ಇಲ್ಲ. ಒಂದು ದಿನ ಮಗಳ ಹೆಸರು ಮರೆತರು. ಕೊನೆಗೆ ಬೆನ್ನಿನ ನೀರು ತೆಗೆದಾಗ ಗೊತ್ತಾಗಿದ್ದು: ಮೆದುಳಿನ ಪೊರೆಗೆ ಫಂಗಸ್. ಕ್ರಿಪ್ಟೋಕಾಕಸ್ ಅಂತ ಹೆಸರು. ಆವತ್ತಿನವರೆಗೆ ನಮಗೆ ಫಂಗಸ್ ಅಂದರೆ ಬ್ರೆಡ್ಡಿನ ಬೂಷ್ಟು, ಕಾಲ್ಬೆರಳ ಸಂದಿನ ತುರಿಕೆ, ಅಷ್ಟೇ.

ಮೂರನೇ ವರ್ಷದ ಪೀಜಿ · 10.48

ಮೆಡಿಸಿನ್ ಪೀಜಿ ಮಾಡುತ್ತಿದ್ದೇನೆ. ರೋಗಿಯನ್ನು ನೋಡದೆ ಇದೇ ಕಾಯಿಲೆ ಅನ್ನಲಾರೆ. ಟಿಬಿ ಮೆನಿಂಜೈಟಿಸ್ (ಮೆದುಳಿನ ಪೊರೆಗೆ ತಗುಲುವ ಟಿಬಿ) ಕೂಡ ಹೀಗೇ ವಾರಗಟ್ಟಲೆ ಎಳೆಯುತ್ತದೆ, ನಮ್ಮಲ್ಲಿ ಅದೂ ತುಂಬಾ ಇದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಬೆನ್ನಿನ ನೀರೇ.

ಕುತ್ತಿಗೆ ಬಿಗಿತದ ವಿಷಯ ಭಾವನವರ ಕಥೆಯಲ್ಲಿ ಬಂತಲ್ಲ, ಅದು ಮುಖ್ಯ. ಮೆನಿಂಜೈಟಿಸ್ ಅಂದರೆ ಕುತ್ತಿಗೆ ಬಗ್ಗಬಾರದು ಅಂತ ಎಲ್ಲರ ತಲೆಯಲ್ಲೂ ಕೂತಿದೆ. ಕ್ರಿಪ್ಟೋದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಬಿಗಿತ ಇರುವುದೇ ಇಲ್ಲ. ಹೊಡೆದಾಡುವ ಶಕ್ತಿ ಇದ್ದರೆ ತಾನೇ ಮೈ ಬಿಸಿಯಾಗೋದು, ಬಿಗಿಯೋದು? ಆ ಶಕ್ತಿಯೇ ಇಲ್ಲದವರಲ್ಲಿ ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ.

ಸ್ಕ್ಯಾನ್ ಮಾಡಿದ್ದು ಸರಿ. ಒಳಗೆ ಗಡ್ಡೆ ಇದ್ದರೆ ಸೂಜಿ ಹಾಕುವುದು ಅಪಾಯ. ಗಡ್ಡೆ ಇಲ್ಲ ಅಂತ ಗೊತ್ತಾಯಿತು. ಸ್ಕ್ಯಾನ್ ನಾರ್ಮಲ್ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಈಗ ಧೈರ್ಯವಾಗಿ ಬೆನ್ನಿನ ನೀರು ತೆಗೆಯಬಹುದು ಅಂತ.

ಮತ್ತೆ ಸೊಳ್ಳೆಯ ಮೆದುಳು ಜ್ವರ ಬೇರೆ. ಅದು ವೈರಸ್, ಹೆಚ್ಚಾಗಿ ಮಕ್ಕಳಿಗೆ, ದಿನಗಳಲ್ಲೇ ಜೋರಾಗುತ್ತದೆ.

ರಾಜಾಜಿನಗರ ರಾಜಣ್ಣ · 11.02

ಸುಮ್ನೆ ಟೈಮ್ ವೇಸ್ಟ್ ಮಾಡಬೇಡಿ. ಈಗಲೇ ಆ್ಯಂಬುಲೆನ್ಸ್ ಮಾಡಿಕೊಂಡು ನಿಮ್ಹಾನ್ಸ್‌ಗೆ ಬನ್ನಿ.

ಮೂರನೇ ವರ್ಷದ ಪೀಜಿ · 11.10

ರಾಜಣ್ಣ ಸರ್, ನಿಮ್ಹಾನ್ಸ್‌ಗೆ ಈ ಕಾಯಿಲೆಯ ಅನುಭವ ತುಂಬಾ ಇದೆ, ಒಪ್ಪುತ್ತೇನೆ. ಆದರೆ ತಲೆಯೊಳಗೆ ಒತ್ತಡ ಏರಿರುವವರನ್ನು ಹಾಗೇ ಆರು ಗಂಟೆ ಘಾಟಿ ರಸ್ತೆಯಲ್ಲಿ ಕುಲುಕಿಸಿಕೊಂಡು ತರುವುದಕ್ಕಿಂತ, ಅಲ್ಲೇ ನೀರು ತೆಗೆದು ಒತ್ತಡ ಇಳಿಸಿ, ಆಮೇಲೆ ಬೇಕಿದ್ದರೆ ಕಳಿಸುವುದು ಮೇಲು.

ಮಳೆನಾಡಿನ ತಂಗಿ · ಶನಿವಾರ, ಬೆಳಗಿನ ಜಾವ 1.15

ಅತ್ತಿಗೆ ಸಹಿ ಹಾಕಿದರು. ಸಿಸೇರಿಯನ್ ಮಾತು ಕೇಳಿ ಒಪ್ಪಿದರು, ಅವರಿಗೂ ಎರಡು ಸಲ ಆಗಿದೆ.

ಸಿಸ್ಟರ್, ನಿಮ್ಮ ಪ್ರಶ್ನೆಗೆ ಇಲ್ಲೇ ಉತ್ತರ ಬರೆಯುತ್ತೇನೆ. ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲವಲ್ಲ. ಅಣ್ಣನಿಗೆ ಆರು ವರ್ಷದ ಹಿಂದೆ ಎಚ್‌ಐವಿ ಇದೆ ಅಂತ ಗೊತ್ತಾಗಿತ್ತು. ಎಆರ್‌ಟಿ ಸೆಂಟರ್ (ಎಚ್‌ಐವಿ ಚಿಕಿತ್ಸಾ ಕೇಂದ್ರ) ಕೊಡುವ ಮಾತ್ರೆ ಸರಿಯಾಗಿ ತಗೊಂಡು ಗುಂಡುಕಲ್ಲಿನ ಹಾಗೆ ಇದ್ದ. ಹೋದ ವರ್ಷ ಕೆಲಸಕ್ಕೆ ಅಂತ ಗೋವಾಕ್ಕೆ ಹೋದ. ಅಲ್ಲಿ ಐದು ಜನರ ಜೊತೆ ಒಂದೇ ರೂಮು. ಡಬ್ಬಿ ನೋಡಿ ಯಾರಾದರೂ ಕೇಳಿದರೆ ಅಂತ ಮಾತ್ರೆ ಬಿಟ್ಟಿದ್ದಾನೆ. 14 ತಿಂಗಳಾಯಿತಂತೆ. ಊರಿನ ಕ್ಲಿನಿಕ್‌ನಲ್ಲೂ ಹೇಳಿರಲಿಲ್ಲ. ಕಾಂಪೌಂಡರ್ ನಮ್ಮ ಪಕ್ಕದ ಬೀದಿಯವನು.

ಈಗ ಡ್ಯೂಟಿ ಡಾಕ್ಟರಿಗೆ ಹೇಳಿ ಬಂದೆ. ಬೈಯ್ಯಲಿಲ್ಲ. "ಮೊದಲೇ ಹೇಳಿದ್ದರೆ ಚೆನ್ನಾಗಿತ್ತು" ಅಂದರು, ಅಷ್ಟೇ.

ನೈಟ್ ಡ್ಯೂಟಿ ಸಿಸ್ಟರ್ · 1.31

ಹೇಳಿದ್ದು ಒಳ್ಳೆಯದಾಯಿತು. ಯಾರಾದರೂ ಮುಖ ಸಿಂಡರಿಸಿದರೆ 2017ರ ಎಚ್‌ಐವಿ ಕಾಯ್ದೆ ನೆನಪಿರಲಿ. ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ, ಕೇಸ್ ಶೀಟಿನಲ್ಲಿರುವುದನ್ನು ಊರಿಗೆ ಹೇಳುವ ಹಾಗಿಲ್ಲ. 1097 ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ ಊರು ಬಿಟ್ಟು ಹೋದರೆ ಹೋದ ಊರಿನ ಎಆರ್‌ಟಿ ಸೆಂಟರಿಗೆ ವರ್ಗ ಮಾಡಿಸಿಕೊಳ್ಳಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಸ್ಲೈಡು ಸ್ಟೇನು · ಬೆಳಿಗ್ಗೆ 7.20

ನಾನು ಲ್ಯಾಬ್ ಟೆಕ್ನಿಷಿಯನ್. ಆ ನೀರನ್ನು ಏನು ಮಾಡುತ್ತಾರೆ ಅಂತ ಹೇಳುತ್ತೇನೆ.

ಜೀವಕೋಶ, ಸಕ್ಕರೆ, ಪ್ರೋಟೀನ್, ಟಿಬಿ ಎಲ್ಲ ನೋಡುತ್ತಾರೆ. ಕ್ರಿಪ್ಟೋಗೆ ಅಂತಲೇ ಇರುವುದು ಇಂಡಿಯಾ ಇಂಕ್ ಪರೀಕ್ಷೆ. ಇಂಡಿಯಾ ಇಂಕ್ ಅಂದರೆ ಮಸಿಯಿಂದ ಮಾಡಿದ ಕಪ್ಪು ಶಾಯಿ. ಒಂದು ಹನಿ ಬೆನ್ನಿನ ನೀರು, ಒಂದು ಹನಿ ಶಾಯಿ, ಮೇಲೆ ತೆಳು ಗಾಜು. ಈ ಫಂಗಸ್ ಸುತ್ತ ಲೋಳೆಯ ಕವಚ ಇರುತ್ತದೆ, ಅದರೊಳಗೆ ಶಾಯಿ ನುಗ್ಗಲ್ಲ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗಿನ ಬಳೆ, ನಡುವೆ ಗುಂಡನೆಯ ಕೋಶ ಕಾಣುತ್ತದೆ. ಮೊದಲ ಸಲ ನೋಡಿದಾಗ ನನಗೆ ಕಪ್ಪೆ ಮೊಟ್ಟೆ ನೆನಪಾಯಿತು. ಮಳೆಗಾಲದಲ್ಲಿ ಗದ್ದೆ ನೀರಲ್ಲಿ ಲೋಳೆಯೊಳಗೆ ಇರುತ್ತವಲ್ಲ, ಹಾಗೆ.

ಆದರೆ ಫಂಗಸ್ ಕಡಿಮೆ ಇದ್ದರೆ ಇದರಲ್ಲಿ ತಪ್ಪಿಹೋಗುತ್ತದೆ. ಹಾಗಾಗಿ ಕ್ರಿಪ್ಟೋ ಆ್ಯಂಟಿಜೆನ್ (ಫಂಗಸ್ ಕವಚದ ಅಂಶ ಹುಡುಕುವ) ಪರೀಕ್ಷೆಯನ್ನೂ ಕೇಳಿ. ಗರ್ಭ ಪರೀಕ್ಷೆಯ ಪಟ್ಟಿಯಂಥದೇ ಪಟ್ಟಿ, ಎರಡು ಗೆರೆ ಬಂದರೆ ಇದೆ. ಹತ್ತು ನಿಮಿಷದ ಕೆಲಸ. ರಕ್ತದಲ್ಲೂ ಮಾಡಬಹುದು. ತಲೆನೋವು ಶುರುವಾಗುವ ವಾರಗಳ ಮೊದಲೇ ರಕ್ತದಲ್ಲಿ ಇದು ಸಿಕ್ಕಿಬೀಳುತ್ತದೆ. ಅದಕ್ಕೇ ಎಚ್‌ಐವಿ ಇರುವವರಲ್ಲಿ ಸಿಡಿ4 (ರೋಗನಿರೋಧಕ ಕೋಶಗಳ) ಎಣಿಕೆ 100ಕ್ಕಿಂತ ಕೆಳಗಿರುವ ಎಲ್ಲರಿಗೂ, ತಲೆನೋವು ಇರಲಿ ಬಿಡಲಿ, ಈ ಪರೀಕ್ಷೆ ಮಾಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 200ರ ಒಳಗಿದ್ದರೂ ಮಾಡುವುದು ಒಳ್ಳೆಯದು ಅನ್ನುತ್ತದೆ.

ಮಳೆನಾಡಿನ ತಂಗಿ · ಮಧ್ಯಾಹ್ನ 12.50

ಬಂತು. ಕ್ರಿಪ್ಟೋ. ಇಂಕ್‌ನಲ್ಲೂ ಕಂಡಿತಂತೆ, ಪಟ್ಟಿಯಲ್ಲೂ ಎರಡು ಗೆರೆ. ಸಿಡಿ4 38.

ಒತ್ತಡ ಅಳೆಯಲು ಡ್ರಿಪ್ಪಿನ ಪೈಪನ್ನೇ ನೆಟ್ಟಗೆ ಹಿಡಿದು ಸ್ಕೇಲಿನಲ್ಲಿ ಅಳೆದರಂತೆ. 42 ಸೆಂಟಿಮೀಟರ್. ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು 20ಕ್ಕೆ ಇಳಿಸಿದರು. ನಂಬ್ತೀರೋ ಇಲ್ಲವೋ, ಒಂದು ಗಂಟೆ ಆದ ಮೇಲೆ ಅಣ್ಣ ಎದ್ದು ಕೂತ. ಮೂರು ದಿನದಿಂದ ಫ್ಯಾನಿನ ಸದ್ದಿಗೂ ಕಿವಿ ಮುಚ್ಚಿಕೊಳ್ಳುತ್ತಿದ್ದವನು, "ಫ್ಯಾನ್ ಜೋರು ಮಾಡು, ಸೆಖೆ" ಅಂದ.

ಮೂರನೇ ವರ್ಷದ ಪೀಜಿ · 1.25

ನಂಬುತ್ತೇನೆ. ಸಾಮಾನ್ಯವಾಗಿ ಅದು 20ರ ಒಳಗಿರಬೇಕು. ಫಂಗಸ್ ಮತ್ತು ಅದರ ಲೋಳೆ ಸೇರಿ ನೀರು ಇಂಗುವ ದಾರಿ ಕಟ್ಟಿಕೊಳ್ಳುತ್ತದೆ. ಬಚ್ಚಲ ಜಾಲರಿಗೆ ಕೂದಲು ಕಟ್ಟಿದ ಹಾಗೆ. ನೀರು ತಯಾರಾಗುತ್ತಲೇ ಇರುತ್ತದೆ, ಹೋಗಲು ಜಾಗ ಇಲ್ಲ. ತಲೆನೋವು, ವಾಂತಿ, ಎರಡು ಲೋಟ ಕಾಣೋದು, ಕೊನೆಗೆ ಕಣ್ಣೇ ಹೋಗೋದು, ಎಲ್ಲ ಇದರಿಂದಲೇ. ಆದ್ದರಿಂದ ಬೆನ್ನಿನ ನೀರು ತೆಗೆಯೋದು ಬರೀ ಪರೀಕ್ಷೆಯಲ್ಲ, ಚಿಕಿತ್ಸೆಯೂ ಹೌದು. ನಾಳೆ ಮತ್ತೆ ಏರಬಹುದು, ಮತ್ತೆ ತೆಗೆಯಬೇಕಾಗಬಹುದು. ಕೆಲವರಿಗೆ ವಾರವಿಡೀ ದಿನಾ ಬೇಕಾಗುತ್ತದೆ. ಎರಡನೇ ಸಲ ಬೇಡ ಅಂತ ಹಟ ಹಿಡಿಯುವವರು ಜಾಸ್ತಿ, ನೀವು ಹಿಡಿಯಬೇಡಿ.

ಕೆರೆ ಏರಿ · 1.40

ಕ್ಷಮಿಸಿ, ನನಗೆ ಗೊತ್ತಿರಲಿಲ್ಲ. ಊತ ಇಳಿಯಲು ಸ್ಟೀರಾಯ್ಡ್ ಕೊಡಬಾರದಾ? ನಮ್ಮ ಚಿಕ್ಕಪ್ಪನಿಗೆ ಟಿಬಿ ತಲೆಗೆ ಏರಿದಾಗ ಕೊಟ್ಟಿದ್ದರು.

ಮೂರನೇ ವರ್ಷದ ಪೀಜಿ · 1.58

ಒಳ್ಳೆಯ ಪ್ರಶ್ನೆ. ಟಿಬಿಗೆ ಕೊಡುತ್ತೇವೆ. ಎಚ್‌ಐವಿ ಇರುವವರ ಕ್ರಿಪ್ಟೋಗೆ ವಾಡಿಕೆಯಾಗಿ ಕೊಡಬಾರದು. ಏಷ್ಯಾ ಮತ್ತು ಆಫ್ರಿಕಾದಲ್ಲಿ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟು ನೋಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕೊಟ್ಟವರಲ್ಲಿ ತೊಂದರೆ ಜಾಸ್ತಿ ಕಂಡು ಅದನ್ನು ನಡುವೆಯೇ ನಿಲ್ಲಿಸಿದರು. ಇದೇ ಕಾರಣಕ್ಕೆ, ಟಿಬಿಯೋ ಕ್ರಿಪ್ಟೋನೋ ನೋಡದೆ ಅಂದಾಜಿನ ಮೇಲೆ ಟಿಬಿ ಔಷಧಿ ಮತ್ತು ಸ್ಟೀರಾಯ್ಡ್ ಶುರು ಮಾಡಿದಾಗ ನನಗೆ ಹೆದರಿಕೆ ಆಗುತ್ತದೆ.

ಪಾರಿವಾಳ ಪೀಡಿತ · ಸಂಜೆ 5.30

ಇದು ಪಾರಿವಾಳದ ಹಿಕ್ಕೆಯಿಂದ ಬರುತ್ತದೆ ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಗಲಾಟೆ. ಮೇಲಿನ ಮನೆಯವರು ದಿನಾ ಜೋಳ ಹಾಕುತ್ತಾರೆ, ಹಿಕ್ಕೆ ನಮ್ಮ ಬಾಲ್ಕನಿಗೆ. ನಾವೂ ಸಾಯುತ್ತೇವಾ?

ಸ್ಲೈಡು ಸ್ಟೇನು · 6.05

ನಿಮಗೆ ರೋಗನಿರೋಧಕ ಶಕ್ತಿ ಚೆನ್ನಾಗಿದ್ದರೆ ಅಷ್ಟು ಹೆದರಬೇಡಿ. ಪಾರಿವಾಳದ ಹಳೆಯ ಹಿಕ್ಕೆಯಲ್ಲಿ ಇದು ಸೊಂಪಾಗಿ ಬೆಳೆಯುತ್ತದೆ ಅನ್ನುವುದು 1950ರ ದಶಕದಿಂದಲೇ ಗೊತ್ತು. ಹಕ್ಕಿಗೆ ಏನೂ ಆಗಲ್ಲ, ಅದರ ಮೈಬಿಸಿ ನಮಗಿಂತ ಜಾಸ್ತಿ. ಮಣ್ಣಲ್ಲೂ ಇದೆ, ಮರದ ಪೊಟರೆಯಲ್ಲೂ ಇದೆ. ಇದರ ದಾಯಾದಿ ಕ್ರಿಪ್ಟೋಕಾಕಸ್ ಗ್ಯಾಟಿಯನ್ನು ಹೊರಗಿನ ಪರಿಸರದಲ್ಲಿ ಮೊದಲು ಕಂಡಿದ್ದು ಆಸ್ಟ್ರೇಲಿಯಾದ ನೀಲಗಿರಿ ಮರಗಳ ಹತ್ತಿರ. (ಕೆರೆ ಏರಿ ಅವರ ಎಣ್ಣೆಗೂ ಇದಕ್ಕೂ ಸಂಬಂಧ ಇಲ್ಲ, ಹೆದರಬೇಡಿ.)

ನಾವೆಲ್ಲ ಎಂದೋ ಇದನ್ನು ಉಸಿರಲ್ಲಿ ಎಳೆದುಕೊಂಡೇ ಇರುತ್ತೇವೆ. ಶ್ವಾಸಕೋಶದಲ್ಲೇ ದೇಹ ಅದನ್ನು ಅಮುಕಿಡುತ್ತದೆ. ಹಿಡಿತ ಸಡಿಲವಾದಾಗ ಅದು ರಕ್ತಕ್ಕಿಳಿದು ಮೆದುಳಿನ ದಾರಿ ಹಿಡಿಯುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಅಂಟಲ್ಲ. ತಟ್ಟೆ ಲೋಟ ಬೇರೆ ಮಾಡಬೇಡಿ.

ಬಾಲ್ಕನಿ ತೊಳೆಯುವಾಗ ಒಣ ಹಿಕ್ಕೆಯನ್ನು ಗುಡಿಸಬೇಡಿ. ಮೊದಲು ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಮನೆಯಲ್ಲಿ ಕಸಿ ಆದವರು, ಕೀಮೋ ತಗೊಳ್ಳುವವರು, ಎಚ್‌ಐವಿ ಇರುವವರು ಇದ್ದರೆ ಆ ಕೆಲಸಕ್ಕೆ ಅವರನ್ನು ಕಳಿಸಬೇಡಿ. ಜೋಳದ ಜಗಳ ನೀವೇ ಬಗೆಹರಿಸಿಕೊಳ್ಳಿ.

ಮಿಷಿಗನ್ ಮಂಜ · ರಾತ್ರಿ 8.15

ಅಮೆರಿಕದಲ್ಲಿ 2012ರಲ್ಲಿ ಫಂಗಲ್ ಮೆನಿಂಜೈಟಿಸ್ ದೊಡ್ಡ ಸುದ್ದಿ ಆಗಿತ್ತು. ಬೆನ್ನುನೋವಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿನಲ್ಲೇ ಬೂಷ್ಟು ಸೇರಿತ್ತು. ಮ್ಯಾಸಚೂಸೆಟ್ಸ್‌ನ ಒಂದು ಔಷಧಿ ತಯಾರಕರದು. 20 ರಾಜ್ಯಗಳಲ್ಲಿ 753 ಜನಕ್ಕೆ ಸೋಂಕು, 64 ಸಾವು. ನಮ್ಮ ಮಿಷಿಗನ್ನಿನಲ್ಲೇ ಅತಿ ಹೆಚ್ಚು. ಇದೂ ಅದೇನಾ?

ಮೂರನೇ ವರ್ಷದ ಪೀಜಿ · 8.40

ಅಲ್ಲ. ಅದು ಎಕ್ಸೆರೋಹೈಲಮ್ ಅನ್ನುವ ಬೇರೆ ಬೂಷ್ಟು. ನೇರವಾಗಿ ಬೆನ್ನಿಗೇ ಹೋಗಿದ್ದರಿಂದ ಆರೋಗ್ಯವಂತರಿಗೂ ಬಂತು. ಕ್ರಿಪ್ಟೋ ಅಷ್ಟು ಸುದ್ದಿ ಮಾಡಲ್ಲ, ಲೆಕ್ಕ ಮಾತ್ರ ದೊಡ್ಡದು. 2020ರ ಅಂದಾಜಿನಲ್ಲಿ ಜಗತ್ತಿನಲ್ಲಿ ಎಚ್‌ಐವಿ ಇರುವ 1.52 ಲಕ್ಷ ಜನಕ್ಕೆ ಒಂದು ವರ್ಷದಲ್ಲಿ ಈ ಮೆನಿಂಜೈಟಿಸ್, 1.12 ಲಕ್ಷ ಸಾವು. ಹೆಚ್ಚಿನವರು ಬಡವರು, ಹೆಚ್ಚಿನವರು ಆಫ್ರಿಕಾದವರು. ಟಿವಿಯಲ್ಲಿ ಬಂದಿದ್ದು 753 ಜನರ ಸುದ್ದಿ.

ಮಳೆನಾಡಿನ ತಂಗಿ · ಭಾನುವಾರ, ಬೆಳಿಗ್ಗೆ 10.10

ಔಷಧಿ ವಿಷಯದಲ್ಲಿ ಗೊಂದಲ. ಫಂಗಸ್ ಕೊಲ್ಲುವ ಆ್ಯಂಫೋಟೆರಿಸಿನ್ ಇಂಜೆಕ್ಷನ್ನಿನಲ್ಲಿ ಎರಡು ಥರ ಇದೆಯಂತೆ, ಲೈಪೋಸೋಮಲ್ (ಕೊಬ್ಬಿನ ಗುಳ್ಳೆಯೊಳಗೆ ಇಟ್ಟಿದ್ದು) ದುಬಾರಿ. ಫ್ಲೂಸೈಟೋಸಿನ್ ಮಾತ್ರೆ ಇಲ್ಲಿ ಸ್ಟಾಕ್ ಇಲ್ಲ, ತರಿಸಬೇಕು ಅಂದರು. ಬರೀ ಫ್ಲೂಕೊನಜೋಲ್ ಮಾತ್ರೆ ಕೊಟ್ಟರೆ ಆಗಲ್ವಾ ಅಂತ ಮಾವ ಕೇಳುತ್ತಿದ್ದಾರೆ.

ಮೂರನೇ ವರ್ಷದ ಪೀಜಿ · 10.45

ಬರೀ ಫ್ಲೂಕೊನಜೋಲ್ ಸಾಲದು. ಅದು ಫಂಗಸ್ ಬೆಳೆಯದ ಹಾಗೆ ತಡೆಯುತ್ತದೆ, ಕೊಲ್ಲುವುದು ತೀರಾ ನಿಧಾನ.

2022ರಿಂದ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಇರುವವರಿಗೆ ಮೊದಲ ಆಯ್ಕೆ ಅಂತ ಹೇಳುವುದು ಇದು: ಲೈಪೋಸೋಮಲ್ ಆ್ಯಂಫೋಟೆರಿಸಿನ್ ಒಂದೇ ಒಂದು ದೊಡ್ಡ ಡೋಸ್, ಕೆಜಿಗೆ 10 ಮಿಲಿಗ್ರಾಂ. ಜೊತೆಗೆ 14 ದಿನ ಫ್ಲೂಸೈಟೋಸಿನ್, ಫ್ಲೂಕೊನಜೋಲ್. ಬೋಟ್ಸ್ವಾನಾ, ಮಲಾವಿ, ದಕ್ಷಿಣ ಆಫ್ರಿಕಾ, ಉಗಾಂಡ, ಜಿಂಬಾಬ್ವೆಯಲ್ಲಿ ನಡೆದ ಅಧ್ಯಯನದಲ್ಲಿ ಇದು ಅಲ್ಲಿಯವರೆಗೆ ಕೊಡುತ್ತಿದ್ದ ಒಂದು ವಾರದ ಆ್ಯಂಫೋಟೆರಿಸಿನ್ ಚಿಕಿತ್ಸೆಗಿಂತ ಹಿಂದೆ ಬೀಳಲಿಲ್ಲ, ತೊಂದರೆಯೂ ಕಡಿಮೆ. ಆದರೂ ಹತ್ತು ವಾರದಲ್ಲಿ ನಾಲ್ಕರಲ್ಲಿ ಒಬ್ಬರು ಉಳಿಯಲಿಲ್ಲ. ಮುಚ್ಚಿಡಲ್ಲ, ಇದು ಅಷ್ಟು ಕೆಟ್ಟ ಕಾಯಿಲೆ.

ಫ್ಲೂಸೈಟೋಸಿನ್ ನಮ್ಮಲ್ಲಿ ಬಹಳ ಕಾಲ ಸಿಗುತ್ತಲೇ ಇರಲಿಲ್ಲ. ಎಆರ್‌ಟಿ ಸೆಂಟರ್ ಮೂಲಕ ಕೇಳಿಸಿ. ಅದು ಬರುವ ತನಕ ಕಾಯದೆ ಇರುವ ಔಷಧಿ ಶುರು ಮಾಡಲಿ.

ನೈಟ್ ಡ್ಯೂಟಿ ಸಿಸ್ಟರ್ · 11.20

ಅಣ್ಣನ ತೂಕ ಎಷ್ಟು? 52 ಕೆಜಿ ಅಂತಿಟ್ಟುಕೊಳ್ಳಿ, 520 ಮಿಲಿಗ್ರಾಂ ಬೇಕು. 50ರ ಬಾಟಲಿ ಆದರೆ 11 ಒಡೆಯಬೇಕು. ಲೆಕ್ಕ ಹಾಕಿ ಒಟ್ಟಿಗೇ ತರಿಸಿ. 2021ರಲ್ಲಿ ಬ್ಲಾಕ್ ಫಂಗಸ್ ಬಂದಾಗ ಇದೇ ಇಂಜೆಕ್ಷನ್ನಿಗೆ ಜನ ಊರೂರು ಅಲೆದಿದ್ದು ನೆನಪಿದೆ ಅಲ್ವಾ? ಆಗ ಇದರ ಜಿಎಸ್‌ಟಿಯನ್ನೂ ಕೆಲ ತಿಂಗಳು ತೆಗೆದುಹಾಕಿದ್ದರು.

ಅಗ್ಗದ ಹಳೆಯ ಆ್ಯಂಫೋಟೆರಿಸಿನ್ ಕೊಟ್ಟರೆ ಹೆದರಬೇಡಿ, ಅದೂ ಕೆಲಸ ಮಾಡುತ್ತದೆ. ಆದರೆ ಹಾಕಿದ ಸ್ವಲ್ಪ ಹೊತ್ತಿಗೆ ಮಂಚ ಅಲ್ಲಾಡುವ ಹಾಗೆ ಚಳಿ ನಡುಕ ಬರಬಹುದು. ಕಂಬಳಿ ಇಟ್ಟುಕೊಳ್ಳಿ, ತಕ್ಷಣ ಸಿಸ್ಟರನ್ನು ಕರೆಯಿರಿ. ಕಿಡ್ನಿಗೆ ಪೆಟ್ಟಾಗದಿರಲು ಮೊದಲು ಸಲೈನ್ ಬಾಟಲಿ ಹಾಕುತ್ತಾರೆ. ಔಷಧಿಯನ್ನು ಮಾತ್ರ ಸಲೈನಿನಲ್ಲಿ ಕಲಸುವ ಹಾಗಿಲ್ಲ, ಒಡೆದ ಹಾಲಿನ ಹಾಗಾಗುತ್ತದೆ. ಅದಕ್ಕೆ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ನೀರೇ ಬೇಕು. ಪೊಟ್ಯಾಸಿಯಂ ಇಳಿಯುತ್ತದೆ, ಆಗಾಗ ರಕ್ತ ಪರೀಕ್ಷೆ ಇರುತ್ತದೆ. "ದಿನಾ ರಕ್ತ ಎಳೀತಾರೆ" ಅಂತ ಜಗಳ ಆಡಬೇಡಿ.

ಬೆಣ್ಣೆದೋಸೆ ಅಭಿಮಾನಿ · 11.48

ಕಸಿ ಆದವರಿಗೆ ಲೆಕ್ಕ ಬೇರೆ. ಫ್ಲೂಕೊನಜೋಲ್ ಶುರು ಮಾಡಿದಾಗ ಭಾವನ ರಕ್ತದಲ್ಲಿ ಟ್ಯಾಕ್ರೋಲಿಮಸ್ (ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧಿ) ಮಟ್ಟ ಸರ್ರನೆ ಏರಿತು. ಎರಡೂ ಒಂದಕ್ಕೊಂದು ತಗುಲುತ್ತವಂತೆ. ಡೋಸ್ ಇಳಿಸಬೇಕಾಯಿತು. ಕಿಡ್ನಿ ಡಾಕ್ಟರು ಮತ್ತು ನರರೋಗ ಡಾಕ್ಟರು ಫೋನಿನಲ್ಲಿ ಮಾತಾಡಿಕೊಳ್ಳುವ ಹಾಗೆ ಮಾಡಲು ನಾವು ಎರಡು ದಿನ ಓಡಾಡಿದೆವು. ಕಿಡ್ನಿ ಉಳಿಯಿತು. ಬಲಗಿವಿ ಕೇಳಿಸಲ್ಲ. ಮಗಳ ಹೆಸರು ವಾಪಸ್ ಬಂದಿದೆ.

ಮಳೆನಾಡಿನ ತಂಗಿ · ಬುಧವಾರ, ರಾತ್ರಿ 9.05

ಎಲ್ಲ ಸಿಕ್ಕಿತು. ಸಂಘದ ಸಾಲ, ನನ್ನ ಒಂದು ಬಳೆ. ಇಂಜೆಕ್ಷನ್ ಆಯಿತು, ನಡುಕ ಬರಲಿಲ್ಲ. ದಿನಕ್ಕೆ ಹತ್ತು ಫ್ಲೂಸೈಟೋಸಿನ್ ಮಾತ್ರೆ, ನಾಲ್ಕು ಹೊತ್ತಿಗೆ ಹಂಚಿ. ಬೆನ್ನಿನ ನೀರು ಇನ್ನೂ ಎರಡು ಸಲ ತೆಗೆದರು: 31, ಆಮೇಲೆ 24.

ಅತ್ತಿಗೆಯ ಪ್ರಶ್ನೆ. ಎಚ್‌ಐವಿ ಮಾತ್ರೆ ಬಿಟ್ಟಿದ್ದರಿಂದ ತಾನೇ ಇಷ್ಟೆಲ್ಲ? ಹಾಗಿದ್ದರೆ ಇವತ್ತೇ ಯಾಕೆ ಶುರು ಮಾಡಬಾರದು?

ಮೂರನೇ ವರ್ಷದ ಪೀಜಿ · 9.50

ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಇಲ್ಲಿ ನಾಲ್ಕರಿಂದ ಆರು ವಾರ ಕಾಯಬೇಕು. ಮಾತ್ರೆ ಶುರುವಾದರೆ ಮಲಗಿದ್ದ ರೋಗನಿರೋಧಕ ಶಕ್ತಿ ಒಮ್ಮೆಲೇ ಎದ್ದು, ಮೆದುಳಿನಲ್ಲಿರುವ ಫಂಗಸ್ ಮೇಲೆ ಮುಗಿಬೀಳುತ್ತದೆ. ಆ ಹೊಡೆದಾಟದ ಊತವನ್ನು ತಲೆಬುರುಡೆ ತಡೆದುಕೊಳ್ಳಲ್ಲ. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಮಾಡಿ ನೋಡಿದ್ದಾರೆ, 2014ರಲ್ಲಿ ಪ್ರಕಟವಾಯಿತು. ಬೇಗ ಶುರು ಮಾಡಿದವರಲ್ಲಿ ಆರು ತಿಂಗಳಿಗೆ ಸತ್ತವರು 100ಕ್ಕೆ 45, ಐದು ವಾರ ಕಾದವರಲ್ಲಿ 30.

ಅಲ್ಲಿಯವರೆಗೆ ಅತ್ತಿಗೆ ಎಆರ್‌ಟಿ ಸೆಂಟರಿಗೆ ಹೋಗಿ ಹಳೆಯ ಬುಕ್ಕು ತೋರಿಸಿ ದಿನಾಂಕ ಗೊತ್ತು ಮಾಡಿಕೊಳ್ಳಲಿ. ಫ್ಲೂಕೊನಜೋಲ್ ಮಾತ್ರ ನಿಲ್ಲಬಾರದು. ಎರಡು ವಾರದ ಮೇಲೆ ಡೋಸ್ ಇಳಿಯುತ್ತದೆ, ಆದರೆ ವರ್ಷಕ್ಕೂ ಮೇಲೆ ಬೇಕಾಗುತ್ತದೆ.

ಸ್ಲೈಡು ಸ್ಟೇನು · 10.15

ಆಮೇಲೆ ಆ ಎರಡು ಗೆರೆಯ ಪಟ್ಟಿಯನ್ನು ಪದೇ ಪದೇ ಮಾಡಿಸಿ ಗಾಬರಿಯಾಗಬೇಡಿ. ಫಂಗಸ್ ಸತ್ತ ಮೇಲೂ ಅದು ತಿಂಗಳುಗಟ್ಟಲೆ ಎರಡು ಗೆರೆ ತೋರಿಸುತ್ತಲೇ ಇರುತ್ತದೆ. ವಾಸಿಯಾಗಿದೆಯಾ ಅಂತ ನೋಡಲು ಬೆನ್ನಿನ ನೀರಿನ ಕಲ್ಚರ್ (ಫಂಗಸ್ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಬೇಕು.

ಮಳೆನಾಡಿನ ತಂಗಿ · ಮುಂದಿನ ಮಂಗಳವಾರ, ಸಂಜೆ 6.30

ಇವತ್ತು ಒತ್ತಡ 17. ಇನ್ನು ತೆಗೆಯೋದು ಬೇಡ, ತಲೆನೋವು ಬಂದರೆ ಹೇಳಿ ಅಂದಿದ್ದಾರೆ. ಗೋವಾದಲ್ಲಿ ಹಳೇ ಗೋದಾಮಿನ ಮಾಡು ಕೆಡವಿದ್ದನಂತೆ, ತುಂಬಾ ಪಾರಿವಾಳ ಇದ್ದವಂತೆ. ಅದರಿಂದಲೇ ಬಂತಾ ಅಂತ ಡಾಕ್ಟರನ್ನು ಕೇಳಿದ. ಹೇಳೋಕಾಗಲ್ಲ ಅಂದರು.

ಲೋಟ ಇನ್ನೂ ಎರಡೇ ಕಾಣುತ್ತದಂತೆ. ಎರಡನೆಯದು ಮೊದಲನೆಯದರ ಹತ್ತಿರ ಬಂದಿದೆಯಂತೆ.

ಸಿಸ್ಟರ್, ಪೊಟ್ಯಾಸಿಯಂ ಸಿರಪ್ ಕುಡಿದರೆ ಹೊಟ್ಟೆ ಉರಿ ಅನ್ನುತ್ತಾನೆ. ಏನಾದರೂ ಬೆರೆಸಿ ಕೊಡಬಹುದಾ?

ನೈಟ್ ಡ್ಯೂಟಿ ಸಿಸ್ಟರ್ · 7.02

ಒಂದು ಲೋಟ ನೀರಲ್ಲಿ ಬೆರೆಸಿ, ಊಟ ಆದ ಮೇಲೆ ಸ್ವಲ್ಪ ಸ್ವಲ್ಪವೇ ಕುಡಿಸಿ. ಒಂದೇ ಗುಟುಕಿಗೆ ಬೇಡ. ಎಳನೀರಲ್ಲೂ ಪೊಟ್ಯಾಸಿಯಂ ಇರುತ್ತದೆ, ಅದನ್ನು ಕೊಡೋ ಮುಂಚೆ ಇವತ್ತಿನ ಪೊಟ್ಯಾಸಿಯಂ ರಿಪೋರ್ಟ್ ಎಷ್ಟು ಬಂದಿದೆ ಕೇಳಿ.